ಸಣ್ಣ ಒರತೆಯ ಬಾವಿಗೆ ಪಂಪ್ ಕಂಟ್ರೋಲರ್: ಒಂದು ಬೇಸಿಗೆಯ ಅನುಭವ

ಎಣ್ಮಕಜೆ ಪಂಚಾಯತಿನ ಪೆರ್ಲದ ಸಮೀಪ ಇರುವ ನಮ್ಮ ಮನೆಯ ಬಾವಿ 22 ಕೋಲು (ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ) ಆಳ, ಆರೂವರೆ ಅಡಿ ಅಗಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಗುಡ್ಡದ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಇಂಗಿದ್ದನ್ನೂ ತೂತು ತೂತಾದ ಮುರಕಲ್ಲು ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಫೆಬ್ರವರಿ ಕಳೆಯಿತೆಂದರೆ ನಮ್ಮ ಬಾವಿಯ ತಳದಲ್ಲಿ ಒಂದೇ ಒಂದು ಮೂಲೆಯ ಒರತೆ ಉಳಿಯುತ್ತದೆ. ಅದನ್ನು ಗಮನಿಸದೆ ಪಂಪ್ ಓಡಿಸಿ ಮೂರು ವರ್ಷಗಳಲ್ಲಿ ಎರಡು ಸಲ ಮೋಟಾರಿನ ವೈಂಡಿಂಗ್ ಸುಟ್ಟುಕೊಂಡ ಮೇಲೆ, ಕಳೆದ ಜನವರಿಯಲ್ಲಿ ಬದಿಯಡ್ಕದ ಅಂಗಡಿಯೊಂದರಿಂದ ಟೈಮರ್ ಮತ್ತು ಡ್ರೈ ರನ್ ರಕ್ಷಣೆ (ನೀರಿಲ್ಲದೆ ಪಂಪ್ ಓಡದಂತೆ ತಡೆಯುವ ವ್ಯವಸ್ಥೆ) ಎರಡೂ ಇರುವ ಪಂಪ್ ಕಂಟ್ರೋಲರ್ ತಂದು ಹಾಕಿಸಿದೆವು. ಪೆಟ್ಟಿಗೆಗೆ 3,800 ರೂಪಾಯಿ, ಜೋಡಿಸಿದ ಕೂಲಿ 900 ರೂಪಾಯಿ. ಒಂದು ಪೂರ್ತಿ ಬೇಸಿಗೆ ಬಳಸಿದ ಬಳಿಕ ಇದನ್ನು ಬರೆಯುತ್ತಿದ್ದೇನೆ.

ಇದರ ಕೆಲಸ ಸರಳ. ಪಂಪ್ ನೀರೆತ್ತುವಾಗ ಮೋಟಾರಿನ ಮೇಲೆ ಭಾರವಿರುತ್ತದೆ, ಅದಕ್ಕೆ ತಕ್ಕಷ್ಟು ಕರೆಂಟ್ ಎಳೆಯುತ್ತದೆ. ನೀರು ಮುಗಿದಾಗ ಭಾರ ಇಳಿದು ಕರೆಂಟ್ ಕಡಿಮೆಯಾಗುತ್ತದೆ. ನಾವು ಗೊತ್ತುಮಾಡಿದ ಮಿತಿಗಿಂತ ಅದು ಕೆಳಗಿಳಿದ ಕೆಲವೇ ಸೆಕೆಂಡುಗಳಲ್ಲಿ ಪೆಟ್ಟಿಗೆ ಪಂಪನ್ನು ನಿಲ್ಲಿಸುತ್ತದೆ. ನಮ್ಮದು ಅರ್ಧ ಎಚ್‌ಪಿಯ ಓಪನ್‌ವೆಲ್ ಸಬ್‌ಮರ್ಸಿಬಲ್, ಅಂದರೆ ಬಾವಿಯ ನೀರಿನೊಳಗೇ ಮುಳುಗಿರುವ ಪಂಪ್. ನೀರೇ ಅದನ್ನು ತಂಪಾಗಿಡುವುದರಿಂದ ಒಣಗಿದ ಬಾವಿಯಲ್ಲಿ ಓಡುವುದು ಅದಕ್ಕೆ ಮಾರಕ. ಬಾವಿಯೊಳಗೆ ಸೆನ್ಸರ್ ಕಡ್ಡಿ ಇಳಿಸುವ ಬಗೆಯ ಕಂಟ್ರೋಲರನ್ನು ಈ ಮೊದಲು ಪ್ರಯತ್ನಿಸಿದ್ದೆವು. ನಮ್ಮ ನೀರಿನ ಕೆಂಪು ಕೆಸರು ಕಡ್ಡಿಗಳಿಗೆ ಅಂಟಿಕೊಂಡು ತಿಂಗಳಿಗೊಮ್ಮೆ ಮೇಲೆತ್ತಿ ಉಜ್ಜಬೇಕಾಗುತ್ತಿತ್ತು. ಮುರಕಲ್ಲಿನ ಬಾವಿ ಇರುವವರಿಗೆ ಕರೆಂಟ್ ಅಳೆಯುವ ಬಗೆಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆದರೆ ಈ ಪೆಟ್ಟಿಗೆಯ ನಿಜವಾದ ಉಪಯೋಗ ಮೋಟಾರು ಉಳಿಸುವುದಕ್ಕಿಂತ ಹೆಚ್ಚಾಗಿ ಟೈಮರ್‌ನಲ್ಲಿದೆ, ಮತ್ತು ಅದನ್ನು ಅರ್ಥಮಾಡಿಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ಮೊದಲು ನಾವು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ತಳ ಕಾಣುವವರೆಗೆ ಎತ್ತುತ್ತಿದ್ದೆವು. ಬಳಿಕ ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಪಂಪ್ ನಿಂತ ಮೇಲೆ ಗಂಟೆಗೊಮ್ಮೆ ನೀರು ಎಷ್ಟು ಏರುತ್ತದೆಂದು ಅಳೆದೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ಸುಮಾರು 31 ಲೀಟರ್. ಮಾರ್ಚ್‌ನಲ್ಲಿ ಗಂಟೆಗೆ ಒಂದೂವರೆ ಸೆಂಟಿಮೀಟರ್ ಏರುತ್ತಿತ್ತು, ಅಂದರೆ ಸುಮಾರು 47 ಲೀಟರ್. ದಿನವಿಡೀ ಲೆಕ್ಕ ಹಾಕಿದರೆ 1,100 ಲೀಟರ್ ದಾಟುತ್ತದೆ. ಆರು ಮಂದಿ ಮತ್ತು ಎರಡು ದನಗಳಿರುವ ಮನೆಗೆ ಜಾಗ್ರತೆಯಿಂದ ಬಳಸಿದರೆ ಅದು ಸಾಕು. ಹಾಗಿದ್ದೂ ನಮಗೆ ಸಾಲದಿದ್ದುದಕ್ಕೆ ಕಾರಣ, ಬಾವಿಯಲ್ಲಿ ನೀರು ಮೇಲೇರಿದಂತೆ ಒರತೆಯ ವೇಗ ಇಳಿಯುತ್ತದೆ ಎಂಬುದು. ರಾತ್ರಿಯಿಡೀ ನಿಂತ ನೀರು ತನ್ನ ಹಿಂದೆ ಬರಬೇಕಾದ ನೀರನ್ನೇ ತಡೆಯುತ್ತಿತ್ತು.

ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿದು ಬೆಳೆದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಗುಡ್ಡದ ಒಳಗಿಂದ ಬೆರಳು ಗಾತ್ರದಲ್ಲಿ ಬರುವ ನೀರನ್ನು ಹಿರಿಯರು ಅಡಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ (ನೀರಿನ ಕಾಲುವೆಯಲ್ಲಿ) ಹಗಲೂ ರಾತ್ರಿ ಹರಿಸಿ ತೊಟ್ಟಿ ತುಂಬಿಸುತ್ತಿದ್ದರು. ನೀರು ಬಂದಂತೆ ತೆಗೆದುಕೊಳ್ಳುತ್ತಿದ್ದರು, ಅದನ್ನು ತಡೆದು ನಿಲ್ಲಿಸುತ್ತಿರಲಿಲ್ಲ. ಟೈಮರನ್ನು ಆರು ನಿಮಿಷ ಓಡಿ ನಾಲ್ಕು ಗಂಟೆ ನಿಲ್ಲುವಂತೆ ಇಟ್ಟ ಮೇಲೆ ಬಾವಿಯೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡಿತು. ಒಂದು ಸಲಕ್ಕೆ ಸುಮಾರು 180 ಲೀಟರ್, ದಿನಕ್ಕೆ ಆರು ಸಲ. ಏಪ್ರಿಲ್ ಕೊನೆಗೆ ಏರಿಕೆ ಗಂಟೆಗೆ ಒಂದು ಸೆಂಟಿಮೀಟರಿಗೆ ಇಳಿದಾಗ ಬಿಡುವನ್ನು ಆರು ಗಂಟೆಗೆ ಹೆಚ್ಚಿಸಿ, ಬಟ್ಟೆ ಒಗೆಯುವುದನ್ನು ವಾರಕ್ಕೆ ಎರಡು ದಿನಕ್ಕೆ ಸೀಮಿತಗೊಳಿಸಿದೆವು. ಹಿಂದಿನ ಬೇಸಿಗೆಯಲ್ಲಿ ಆರು ಸಲ ಟ್ಯಾಂಕರ್ ನೀರು ತರಿಸಿದ್ದ ನಾವು ಈ ಸಲ ಒಮ್ಮೆಯೂ ತರಿಸಲಿಲ್ಲ. ಬೆಳಗಿನ ನಾಲ್ಕೂವರೆಗೆ ಎದ್ದು ಟಾರ್ಚ್ ಹಿಡಿದು ಬಾವಿಕಟ್ಟೆಗೆ ಹೋಗುತ್ತಿದ್ದ ಅಮ್ಮ ಈಗ ಆರು ಗಂಟೆಯವರೆಗೆ ಮಲಗುತ್ತಾರೆ. ನನ್ನ ಮಟ್ಟಿಗೆ 3,800 ರೂಪಾಯಿಯ ಬೆಲೆ ಅಲ್ಲಿಗೇ ಸಂದಿತು.

ಕೊಳ್ಳುವವರು ತಿಳಿದಿರಬೇಕಾದ ಕೊರತೆಗಳೂ ಇವೆ. ವಿದ್ಯುತ್ ಹೋಗಿ ಬಂದರೆ ಈ ಪೆಟ್ಟಿಗೆ ನಾಲ್ಕು ಗಂಟೆಯನ್ನು ಮೊದಲಿನಿಂದ ಎಣಿಸುತ್ತದೆ; ಗುಡುಗು ಮಳೆಯ ದಿನಗಳಲ್ಲಿ ಮೂರು ಸಲ ಕರೆಂಟ್ ಹೋದರೆ ಎರಡು ಸರದಿಯ ನೀರು ತಪ್ಪುತ್ತದೆ. ವೋಲ್ಟೇಜ್ ಇಳಿದಾಗ ಮೋಟಾರು ಎಳೆಯುವ ಕರೆಂಟ್ ಬದಲಾಗುವುದರಿಂದ, ಹಗಲಿನಲ್ಲಿ ಗೊತ್ತುಮಾಡಿದ ಮಿತಿ ಸಂಜೆ ಏಳರ ಹೊತ್ತಿಗೆ ಸರಿಹೊಂದದೆ ನೀರಿದ್ದರೂ ಎರಡು ಮೂರು ಸಲ ಪಂಪ್ ನಿಂತಿತು. ಮಿತಿಯನ್ನು ಸಂಜೆಯ ವೋಲ್ಟೇಜಿನಲ್ಲೂ ಒಮ್ಮೆ ಪರೀಕ್ಷಿಸಿ ಇಡಬೇಕು. ಕೈಪಿಡಿ ಇಂಗ್ಲಿಷ್, ಮಲಯಾಳ ಮತ್ತು ತಮಿಳಿನಲ್ಲಿದೆ, ಕನ್ನಡದಲ್ಲಿಲ್ಲ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಪಂಪ್ ನೋಡಿಕೊಳ್ಳುವವರಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರೂ ಇದ್ದಾರೆ ಎಂಬುದನ್ನು ತಯಾರಕರು ಗಮನಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಾನು ಪ್ರತಿ ಗುಂಡಿಯ ಕೆಳಗೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೇನೆ.

ಮೇ ಮೊದಲ ವಾರದ ಸಿಡಿಲಿಗೆ ಡಿಸ್‌ಪ್ಲೇ ಆರಿಹೋಯಿತು. ವಾರಂಟಿ ಇದ್ದರೂ ಮಾರಿದವರು ದುರಸ್ತಿ ಮಾಡಿಸಿ ಕೊಡಲು 19 ದಿನ ತೆಗೆದುಕೊಂಡರು, ಮೂರು ಸಲ ಫೋನ್ ಮಾಡಿದ ಮೇಲಷ್ಟೇ ಉತ್ತರ ಸಿಕ್ಕಿತು. ಬರಗಾಲದ ನಡುವೆ ಹತ್ತೊಂಬತ್ತು ದಿನವೆಂದರೆ ಸಣ್ಣದಲ್ಲ. ಅಷ್ಟು ದಿನ ಗಡಿಯಾರ ನೋಡಿ ಕೈಯಿಂದಲೇ ಆರು ನಿಮಿಷ ಓಡಿಸಿದೆವು. ಈಗ ಮೋಡ ಕಟ್ಟಿದೊಡನೆ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸುತ್ತೇವೆ. ಅರ್ಥಿಂಗ್ ಸರಿಯಿದೆಯೇ ಎಂದು ಜೋಡಿಸುವ ದಿನವೇ ನೋಡಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು ಕೊಳವೆಯ ಬಗ್ಗೆ. ಪಂಪ್ ದಿನಕ್ಕೆ ಆರು ಸಲ ನಿಂತು ಹೊರಡುವಾಗ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಅದರ ಬಾಯಿಯ ಚೆಕ್ ವಾಲ್ವ್ ಸೋರುತ್ತಿದ್ದರೆ ಒಂದಿಂಚಿನ ಕೊಳವೆಯಲ್ಲಿರುವ ಹತ್ತು ಲೀಟರ್ ನೀರು ಪ್ರತಿ ಸಲವೂ ಬಾವಿಗೆ ಮರಳುತ್ತದೆ, ಆರು ನಿಮಿಷದ ಓಟದಲ್ಲಿ ಅದನ್ನು ಮತ್ತೆ ತುಂಬಿಸುವಷ್ಟು ಹೊತ್ತು ವ್ಯರ್ಥ. ಕಂಟ್ರೋಲರ್ ಹಾಕಿಸುವಾಗಲೇ ವಾಲ್ವ್ ಬದಲಿಸಿ. ಮೇಲಿನ ಟ್ಯಾಂಕ್ ತುಂಬಿದಾಗ ನಿಲ್ಲಿಸುವ ಫ್ಲೋಟ್ ಸ್ವಿಚ್ಚನ್ನು ಇದಕ್ಕೇ ಸೇರಿಸಬಹುದು, ಅದು ತೊಂದರೆ ಕೊಟ್ಟಿಲ್ಲ.

ಗಂಟೆಗೆ 20 ಲೀಟರಿಗಿಂತ ಕಡಿಮೆ ಒರತೆಯಿರುವ ಬಾವಿಯವರಿಗೆ ಇದನ್ನು ಶಿಫಾರಸು ಮಾಡಲಾರೆ; ಇಲ್ಲದ ನೀರನ್ನು ಟೈಮರ್ ತರಲಾರದು. ಕೊಳ್ಳುವ ಮೊದಲು ಎರಡು ದಿನ ಹಗ್ಗ ಇಳಿಸಿ ಅಳೆಯಿರಿ, ಅದಕ್ಕೆ ಖರ್ಚಿಲ್ಲ. ಜೂನ್ ಎರಡನೆಯ ವಾರ ನಮ್ಮ ಬಾವಿಯ ನೀರು ಹತ್ತು ಕೋಲು ಮೇಲೇರಿತು. ಅಂದಿನಿಂದ ಗುಂಡಿಯನ್ನು ಮ್ಯಾನುವಲ್‌ಗೆ ತಿರುಗಿಸಿ, ಡ್ರೈ ರನ್ ರಕ್ಷಣೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಟೈಮರ್ ಮತ್ತೆ ಬೇಕಾಗುವುದು ಜನವರಿಯಲ್ಲಿ ಹಗ್ಗ ಇಳಿಸಿ ನೋಡಿದ ಮೇಲೆ.