ಒಂದೇ ಪಿಎನ್‌ಆರ್ ಒಳ್ಳೆಯದೋ, ಎರಡು ಅಗ್ಗದ ಟಿಕೆಟ್ಟೋ?

ಮಂಗಳೂರಿನಿಂದ ಬೆಂಗಳೂರು ಮಾರ್ಗವಾಗಿ ಫ್ರಾಂಕ್‌ಫರ್ಟಿಗೆ ಎರಡೂ ಬಗೆಯಲ್ಲಿ ಹೋಗಿ ನೋಡಿದ್ದೇನೆ. ಒಂದು, ಇಡೀ ಪ್ರಯಾಣಕ್ಕೆ ಒಂದೇ ಪಿಎನ್‌ಆರ್, ಅಂದರೆ ಒಂದೇ ಬುಕಿಂಗ್ ಸಂಖ್ಯೆ. ಇನ್ನೊಂದು, ಬೆಂಗಳೂರಿನವರೆಗೆ ಬೇರೆ ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ, ಧೈರ್ಯಕ್ಕೊಂದು ಪ್ರಯಾಣ ವಿಮೆ. ನನ್ನ ಓಟು ಮೊದಲನೆಯದಕ್ಕೆ. ಮಳೆಗಾಲದಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಹೊರಡುವವರಿಗಂತೂ ಎರಡನೆಯದು ಬೇಡವೇ ಬೇಡ.

ಒಂದೇ ಪಿಎನ್‌ಆರ್ ಇದ್ದಾಗಲೂ ಕನೆಕ್ಷನ್, ಅಂದರೆ ಮುಂದಕ್ಕೆ ಹಿಡಿಯಬೇಕಾದ ವಿಮಾನ, ತಪ್ಪಿದ್ದುಂಟು. ಇನ್ನೊಂದು ವಿಮಾನದಲ್ಲಿ ಸೀಟು ಹುಡುಕಿದ್ದು ಕಂಪನಿಯವರೇ, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಕಥೆ ಅಷ್ಟೇ.

ಎರಡು ಟಿಕೆಟ್ಟಿನದು ದೊಡ್ಡ ಕಥೆ. ಮಂಗಳೂರಿನ ವಿಮಾನ ಎರಡೂವರೆ ಗಂಟೆ ತಡ. ಬೆಂಗಳೂರಲ್ಲಿ ಬೆಲ್ಟಿನಿಂದ ಸೂಟ್‌ಕೇಸ್ ಎತ್ತಿಕೊಂಡು ಓಡುವಷ್ಟರಲ್ಲಿ ಚೆಕ್‌-ಇನ್ ಕೌಂಟರ್ ಮುಚ್ಚಿತ್ತು. ವಿಮಾನ ಇನ್ನೂ ಅಲ್ಲೇ ನಿಂತಿತ್ತು. 'ನಿಮ್ಮನ್ನು ಬೆಂಗಳೂರಿಗೆ ತಲುಪಿಸಿದ್ದೇವಲ್ಲ' ಎಂದಿತು ಮೊದಲ ಕಂಪನಿ. ಎರಡನೆಯವರ ಲೆಕ್ಕದಲ್ಲಿ ನಾನು 'ನೋ ಶೋ', ಅಂದರೆ ಬಾರದೇ ಉಳಿದವ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ನೋಡಿದರೆ, ತಡವಾದಾಗ ಊಟ-ತಿಂಡಿ ಕೊಡಬೇಕು. ಆರು ಗಂಟೆ ಮೀರಿದರೆ ಬದಲಿ ವಿಮಾನ ಇಲ್ಲವೇ ಪೂರ್ತಿ ಹಣ ವಾಪಸ್. ಆದರೆ ಆ ಹಣ ಮಂಗಳೂರು-ಬೆಂಗಳೂರು ಟಿಕೆಟ್ಟಿನದು ಮಾತ್ರ!

ವಿಮೆ? ನನ್ನ ಪಾಲಿಸಿಯಲ್ಲಿ ಕನೆಕ್ಷನ್ ತಪ್ಪಿದರೆ ಪರಿಹಾರವಿತ್ತು, ಮೊದಲ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗಿದ್ದರೆ. ಎರಡೂವರೆ ಗಂಟೆಗೇ ವಿಮಾನ ತಪ್ಪುತ್ತದೆ, ಆರು ಗಂಟೆಗೆ ವಿಮೆ ಕಣ್ಣು ಬಿಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೋಗುವಾಗ ಹತ್ತದಿದ್ದರೆ ವಾಪಸ್ ಬರುವ ಸೀಟೂ ರದ್ದು. ಅನೇಕ ಕಂಪನಿಗಳ ಷರತ್ತು ಇದೇ. ಹೋಗಲು ಹೊಸ ಟಿಕೆಟ್, ಬರಲು ಇನ್ನೊಂದು. ವಿಮಾನ ತಪ್ಪುತ್ತದೆ ಅನ್ನಿಸಿದ ಕೂಡಲೇ, ಅದು ಹೊರಡುವ ಮೊದಲೇ ಫೋನ್ ಮಾಡಿ ರಿಟರ್ನ್ ಉಳಿಸಿಕೊಡಿ ಎಂದು ಕೇಳಬೇಕು. ನಾನೂ ಮಾಡಿದ್ದೆ, ಕೇಳಿಸಿದ್ದು ಸಂಗೀತ ಮಾತ್ರ.

ಜರ್ಮನಿಯಿಂದ ಬರುವಾಗ ಒಂದೇ ಬುಕಿಂಗ್ ಇದ್ದರೆ ಇನ್ನೊಂದು ಲಾಭ. ಯುರೋಪ್ ಒಕ್ಕೂಟದ 261/2004 ನಿಯಮ, ಅಲ್ಲಿಂದ ಹೊರಡುವ ಯಾವ ದೇಶದ ವಿಮಾನಕ್ಕೂ ಅನ್ವಯ. ಕೊನೆಯ ಊರು ಮುಟ್ಟುವುದು ಮೂರು ಗಂಟೆ ತಡವಾದರೆ ಪರಿಹಾರ ಉಂಟು; ಇಷ್ಟು ದೂರದ ಪ್ರಯಾಣಕ್ಕೆ 600 ಯೂರೊ, ತಡ ನಾಲ್ಕು ಗಂಟೆಗಿಂತ ಕಡಿಮೆಯಾದರೆ ಅರ್ಧಕ್ಕೆ ಇಳಿಸಬಹುದು. ಲೆಕ್ಕಕ್ಕೆ ಬರುವುದು ಬೆಂಗಳೂರಲ್ಲ, ಮಂಗಳೂರು. ಮೊದಲ ವಿಮಾನದ ತಡ ಸಣ್ಣದಾದರೂ ಕನೆಕ್ಷನ್ ತಪ್ಪಿ ಒಟ್ಟು ತಡ ಮೂರು ಗಂಟೆ ದಾಟಿದರೆ ಪರಿಹಾರ ಉಂಟೆಂದು ಒಕ್ಕೂಟದ ನ್ಯಾಯಾಲಯ 2013ರಲ್ಲೇ ಹೇಳಿದೆ. ಕೆಟ್ಟ ಹವೆಯಂಥ, ಕಂಪನಿಯ ಕೈಮೀರಿದ ಕಾರಣವಿದ್ದರೆ ಅದಕ್ಕೆ ವಿನಾಯಿತಿ ಸಿಗಬಹುದು.

ಬುಕಿಂಗ್ ಸೈಟುಗಳು ಎರಡು ಪಿಎನ್‌ಆರ್ ಸೇರಿಸಿ ಒಂದೇ ಪ್ರಯಾಣದಂತೆ ತೋರಿಸುತ್ತವೆ. 'ಸೆಲ್ಫ್ ಟ್ರಾನ್ಸ್‌ಫರ್' (ವಿಮಾನ ಬದಲಿಸುವ ಹೊಣೆ ನಿಮ್ಮದೇ) ಎಂದು ಸಣ್ಣಕ್ಷರದಲ್ಲಿದ್ದರೆ ಬಿಟ್ಟುಬಿಡಿ.

ಮಗಳ ಮನೆಗೆ ಹಪ್ಪಳ, ಉಪ್ಪಿನಕಾಯಿ ಎಂದು ಎರಡು ಸೂಟ್‌ಕೇಸ್ ಹೊರುವ ನನಗೆ ಎಂಟು-ಹತ್ತು ಸಾವಿರ ಹೆಚ್ಚಾದರೂ ಒಂದೇ ಪಿಎನ್‌ಆರ್ ಸಾಕು. ಕೈಚೀಲದಲ್ಲೇ ಓಡಾಡುವ ಹುಡುಗರು ಬೇಕಾದರೆ ಹಿಂದಿನ ರಾತ್ರಿಯ ಬಸ್ಸು ಹಿಡಿದು ಬೆಂಗಳೂರಿನ ನೆಂಟರ ಮನೆಯಲ್ಲಿ ಮಲಗಿ ಆ ದುಡ್ಡು ಉಳಿಸಲಿ. ಶಿರಾಡಿ ಘಾಟಿ ತೆರೆದಿದೆಯೇ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಲಿ.