ತಿಗಣೆ ತಡೆಯುವ ಜಿಪ್ ಹಾಸಿಗೆ ಕವರ್: ಎರಡು ವರ್ಷ ಬಳಸಿದ ಮೇಲೆ

ಈ ಕವರ್ ತಿಗಣೆಯನ್ನು ಕೊಲ್ಲುವುದಿಲ್ಲ. ಹಾಸಿಗೆಯ ಒಳಗಿರುವ ತಿಗಣೆಗಳನ್ನು ಅಲ್ಲೇ ಕೂಡಿಹಾಕುತ್ತದೆ, ಹೊರಗಿರುವವು ಹಾಸಿಗೆಯಲ್ಲಿ ಅವಿತುಕೊಳ್ಳದಂತೆ ಮಾಡುತ್ತದೆ. ಕೊಳ್ಳುವ ಮುನ್ನ ಇಷ್ಟು ತಿಳಿದಿದ್ದರೆ ನಿರಾಸೆಯಾಗುವುದಿಲ್ಲ. ಆ ಎರಡೂ ಕೆಲಸಗಳನ್ನು ಇದು ಅಚ್ಚುಕಟ್ಟಾಗಿ ಮಾಡಿದೆ, ಹಾಗಾಗಿ ನನ್ನಿಂದ ಐದಕ್ಕೆ ನಾಲ್ಕು ಅಂಕ.

ನಮ್ಮದು ಬೆಂಗಳೂರಿನಲ್ಲಿ ಬಾಡಿಗೆ ಮನೆ. ಪಿ.ಜಿ.ಯಲ್ಲಿದ್ದ ತಮ್ಮ ಗಂಟುಮೂಟೆ ಕಟ್ಟಿಕೊಂಡು ನಮ್ಮಲ್ಲಿಗೆ ಬಂದ ಕೆಲವು ವಾರಗಳಲ್ಲಿ ಕಾಟ ಶುರುವಾಯಿತು. ಇದರಲ್ಲಿ ಯಾರೂ ನಾಚಿಕೆಪಡುವಂಥದ್ದೇನಿಲ್ಲ. ತಿಗಣೆಗೆ ಬೇಕಾದದ್ದು ಕೊಳೆಯಲ್ಲ, ನಮ್ಮ ರಕ್ತ. ದಿನಕ್ಕೆರಡು ಬಾರಿ ಗುಡಿಸಿ ಒರೆಸುವ ಮನೆಗೂ ಅದು ಬ್ಯಾಗಿನ ಹೊಲಿಗೆಯಲ್ಲಿ ಕುಳಿತು ಬರುತ್ತದೆ.

ಗುರುತಿಸುವುದೇ ಕಷ್ಟದ ಕೆಲಸ. ಬರೀ ದದ್ದು ನೋಡಿ ಇದು ಸೊಳ್ಳೆಯೋ ತಿಗಣೆಯೋ ಎಂದು ವೈದ್ಯರೂ ಖಚಿತವಾಗಿ ಹೇಳಲಾರರು. ಒಂದೇ ಮಂಚದಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರಿಗೆ ಮೈತುಂಬ ತುರಿಕೆಯಾದರೆ ಇನ್ನೊಬ್ಬರಿಗೆ ಏನೂ ಆಗದಿರಬಹುದು. ಆದ್ದರಿಂದ ಮೈಯನ್ನು ಬಿಟ್ಟು ಮಂಚವನ್ನು ನೋಡಬೇಕು. ರಾತ್ರಿ ಟಾರ್ಚ್ ಹಿಡಿದು ಹಾಸಿಗೆಯ ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ನೋಡಿ. ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ. ಕಂದು ಬಣ್ಣ ಹರಡಿದರೆ ಅದು ಜೀರ್ಣವಾದ ರಕ್ತ, ತಿಗಣೆಯ ಹಿಕ್ಕೆ. ಪಕ್ಕದಲ್ಲೇ ಕಳಚಿಬಿದ್ದ ತೆಳು ಪೊರೆಗಳಿರುತ್ತವೆ, ಏಕೆಂದರೆ ಮರಿ ಬೆಳೆದು ದೊಡ್ಡದಾಗುವಷ್ಟರಲ್ಲಿ ಐದು ಬಾರಿ ಪೊರೆ ಬಿಡುತ್ತದೆ. ಪ್ರತಿ ಬಾರಿಯೂ ಅದಕ್ಕೆ ರಕ್ತ ಬೇಕು. ಬೆಳೆದ ತಿಗಣೆ ಅಗಸೆ ಬೀಜದಂತೆ ಚಪ್ಪಟೆಯಾಗಿ, ಕಂದಾಗಿ ಇರುತ್ತದೆ, ರಕ್ತ ಕುಡಿದ ಮೇಲೆ ಉಬ್ಬಿ ಕೆಂಪಾಗುತ್ತದೆ. ಮೊಟ್ಟೆ ಮಾತ್ರ ಒಂದು ಮಿಲಿಮೀಟರ್, ಬಿಳಿ, ಬಟ್ಟೆಗೆ ಅಂಟಿಕೊಂಡಿರುತ್ತದೆ. ಬಣ್ಣದ ಹೂವಿನ ಹಾಸಿಗೆಯ ಮೇಲೆ ಅದನ್ನು ಹುಡುಕುವುದು ಕಣ್ಣಿಗೆ ಶಿಕ್ಷೆ.

ಕವರ್‌ನ ನಿಜವಾದ ಉಪಕಾರ ನನಗೆ ಕಂಡದ್ದು ಇಲ್ಲಿಯೇ. ಅದು ಬಿಳಿ, ನುಣುಪು, ಹೊಲಿಗೆಗಳು ಕಡಿಮೆ. ಚುಕ್ಕೆ ಬಿದ್ದರೆ ಮರುದಿನವೇ ಕಾಣುತ್ತದೆ. ನಮ್ಮದು ಗಂಟು ಹಾಕಿ ಹೊಲಿದ ಹತ್ತಿ ಹಾಸಿಗೆ. ಅದರ ಒಂದೊಂದು ಗಂಟಿನ ಗುಳಿಯೂ ತಿಗಣೆಗೆ ಒಂದೊಂದು ಕೋಣೆಯಾಗಿತ್ತು. ಕವರ್ ಹಾಕಿದ ಮೇಲೆ ಆ ಕೋಣೆಗಳೆಲ್ಲ ಒಂದೇ ಸಲ ಮುಚ್ಚಿಹೋದವು.

ಕೊಳ್ಳುವಾಗ ಜಿಪ್ಪನ್ನೇ ನೋಡಿ, ಉಳಿದದ್ದು ಆಮೇಲೆ. ಆಗಷ್ಟೇ ಮೊಟ್ಟೆಯೊಡೆದ ಮರಿ ಒಂದೂವರೆ ಮಿಲಿಮೀಟರ್ ಇರುತ್ತದೆ, ಸಾಧಾರಣ ದಿಂಬಿನ ಕವರ್‌ನ ಜಿಪ್ಪಿನ ಕೊನೆಯಲ್ಲಿ ಉಳಿಯುವ ಸಂದು ಅದಕ್ಕೆ ಹೆಬ್ಬಾಗಿಲು. ಒಳ್ಳೆಯ ಕವರ್‌ನಲ್ಲಿ ಜಿಪ್ಪಿನ ಹಲ್ಲು ಸಣ್ಣದಾಗಿ ಒತ್ತೊತ್ತಾಗಿರುತ್ತದೆ, ಎಳೆಯುವ ಹಿಡಿ ಕೊನೆ ಮುಟ್ಟಿದಾಗ ಒಂದು ಮೆತ್ತನೆಯ ತುಂಡಿಗೆ ಒತ್ತಿಕೊಳ್ಳುತ್ತದೆ, ಅದರ ಮೇಲೊಂದು ಪಟ್ಟಿ ಮಡಚಿಕೊಳ್ಳುತ್ತದೆ. ಒಂದೇ ಬದಿ ಮುಚ್ಚುವ, ಎಲಾಸ್ಟಿಕ್ ಇರುವ ‘ವಾಟರ್‌ಪ್ರೂಫ್’ ಕವರ್‌ಗಳನ್ನೂ ತಿಗಣೆಯ ಹೆಸರಿನಲ್ಲಿ ಮಾರುತ್ತಾರೆ. ಅವು ಈ ಕೆಲಸಕ್ಕೆ ಬಾರವು, ಆರೂ ಬದಿ ಮುಚ್ಚಲೇಬೇಕು. ಒಮ್ಮೆ ಹಾಕಿದ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಬಿಚ್ಚಬಾರದು. ಹಸಿದ ತಿಗಣೆ ತಿಂಗಳುಗಟ್ಟಲೆ ಬದುಕುತ್ತದೆ, ತಂಪು ಹವೆಯಲ್ಲಿ ಇನ್ನೂ ಹೆಚ್ಚು.

ಹಾಸಿಗೆಗೆ ಕವರ್ ಹಾಕಿ ಮಂಚವನ್ನು ಮರೆತರೆ ದುಡ್ಡು ದಂಡ. ನಮ್ಮ ಸಾಗುವಾನಿ ಮಂಚದ ಕೀಲುಗಳಲ್ಲಿ, ಹಲಗೆಯ ಅಡಿಯ ಸ್ಕ್ರೂ ಗುಂಡಿಗಳಲ್ಲಿ ಹಾಸಿಗೆಗಿಂತ ಹೆಚ್ಚು ತಿಗಣೆಗಳಿದ್ದವು. ಅಲ್ಲಿಗೆ ಕೈಯಲ್ಲಿ ಹಿಡಿಯುವ ಸ್ಟೀಮರ್ ತಂದೆವು. 50 ಡಿಗ್ರಿ ದಾಟಿದ ಶಾಖ ತಾಗಿದರೆ ಮೊಟ್ಟೆಯೂ ಉಳಿಯುವುದಿಲ್ಲ. ನಿಧಾನವಾಗಿ ಆಡಿಸಬೇಕು, ಮೂತಿಗೆ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಹಬೆಯ ರಭಸಕ್ಕೆ ಮರಿಗಳು ಹಾರಿ ಬೇರೆಡೆ ಬೀಳುತ್ತವೆ. ಸ್ವಿಚ್‌ ಬೋರ್ಡ್ ಹತ್ತಿರ ಸ್ಟೀಮರ್ ಒಯ್ಯಲೇಬೇಡಿ. ಇಡೀ ಪ್ರಸಂಗದಲ್ಲಿ ನಾನು ಅತಿ ಹೆಚ್ಚು ನಂಬುವ ಸಾಮಾನು ಈ ಸ್ಟೀಮರ್. ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಸಾಲದೇ ಎಂದು ಅತ್ತೆ ಕೇಳಿದರು. ಬಿಸಿಲಿಗೆ ಮೇಲ್ಮೈ ಕಾಯುತ್ತದೆ, ಅವು ನೆರಳಿನ ಬದಿಗೆ ಸರಿದು ಬದುಕಿಕೊಳ್ಳುತ್ತವೆ.

ಮಂಚದ ಕಾಲಿಗೆ ಇಡುವ ಪ್ಲಾಸ್ಟಿಕ್ ಬಟ್ಟಲುಗಳನ್ನೂ ಕೊಂಡೆವು. ತಿಗಣೆ ಹತ್ತಲಾರದಷ್ಟು ನುಣುಪು ಎಂದು ಡಬ್ಬದ ಮೇಲೆ ಬರೆದಿತ್ತು. ಈ ಮಾತು ತಂಪು ದೇಶಗಳ ತಿಗಣೆಗೆ ಸರಿ. ನಮ್ಮ ಕಡೆ ಕಾಣುವ ಉಷ್ಣವಲಯದ ಜಾತಿ ನುಣುಪು ಗೋಡೆಯನ್ನೂ ಹತ್ತಬಲ್ಲದು, ಅದರ ಕಾಲಿನಲ್ಲಿ ಹಿಡಿತಕ್ಕೆ ಬೇಕಾದ ರೋಮಗಳು ಹೆಚ್ಚು. ಬಟ್ಟಲಿನ ಒಳಗೋಡೆಗೆ ಟಾಲ್ಕಂ ಪೌಡರ್ ಸವರಿ, ಆಗಾಗ ಹೊಸದಾಗಿ ಸವರುತ್ತಿದ್ದರೆ ಅಷ್ಟಿಷ್ಟು ಕೆಲಸ ಮಾಡುತ್ತದೆ. ಮಂಚ ಗೋಡೆಗೆ ತಾಗಬಾರದು, ಹೊದಿಕೆ ನೆಲಕ್ಕೆ ಇಳಿಬೀಳಬಾರದು.

ಪೆಸ್ಟ್ ಕಂಟ್ರೋಲ್‌ನವರನ್ನೂ ಕರೆಸಿದೆವು. ಒಂದೇ ಸಿಂಪಡಣೆಯಲ್ಲಿ ಮುಗಿಯುತ್ತದೆ ಎಂದವರನ್ನು ಅಲ್ಲೇ ಬೇಡವೆಂದೆ. ಮೊಟ್ಟೆಗೆ ಸಾಮಾನ್ಯವಾಗಿ ಔಷಧಿ ನಾಟುವುದಿಲ್ಲ, ವಾರ ಹತ್ತು ದಿನದಲ್ಲಿ ಅದು ಒಡೆಯುತ್ತದೆ, ಎರಡು ವಾರಗಳ ಬಳಿಕ ಎರಡನೆಯ ಸಿಂಪಡಣೆ ಬೇಕೇ ಬೇಕು. ಪೈರೆಥ್ರಾಯ್ಡ್ ಜಾತಿಯ ಔಷಧಿಗಳಿಗೆ ಅನೇಕ ಕಡೆ ತಿಗಣೆ ಒಗ್ಗಿಹೋಗಿದೆ, ಯಾವ ಔಷಧಿ ಎಂದು ಕೇಳಿ ತಿಳಿದುಕೊಳ್ಳಿ.

ಇದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಧಾನ್ಯದ ಗೋದಾಮಿಗೆಂದು ಇರುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಂಚದ ಕೆಳಗೆ ಇಡಿ ಎಂದು ಹೇಳುವವರಿದ್ದಾರೆ. ಅದು ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರ ಜೀವವನ್ನೂ ತೆಗೆಯಬಲ್ಲದು. ನಮ್ಮ ದೇಶದಲ್ಲಿ ಅದನ್ನು ಸಾರ್ವಜನಿಕರಿಗೆ ಮಾರುವಂತೆಯೇ ಇಲ್ಲ. ತಿಗಣೆಗೆಂದು ಹಿಂದೆ ಮನೆಮನೆಯಲ್ಲಿ ಬಳಸುತ್ತಿದ್ದ ಡೈಕ್ಲೋರ್‌ವಾಸ್ ಕೂಡ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ತಿಗಣೆ ನಿದ್ದೆ ಕೆಡಿಸುತ್ತದೆ, ಆದರೆ ಅದರ ಕಡಿತದಿಂದ ರೋಗ ಹರಡಿದ್ದಕ್ಕೆ ಆಧಾರವಿಲ್ಲ. ಅದಕ್ಕಾಗಿ ಮನೆಯವರ ಉಸಿರನ್ನು ಪಣಕ್ಕಿಡಬಾರದು.

ನಮ್ಮಲ್ಲಿ ಕೊನೆಯವರೆಗೂ ಸತಾಯಿಸಿದ್ದು ಅತ್ತೆ ಧಾರವಾಡದಿಂದ ತಂದ ಕೌದಿ. ಹಳೆಯ ಸೀರೆಗಳ ಪದರದ ಮೇಲೆ ಪದರ, ಸಾವಿರ ಹೊಲಿಗೆ. ಎಸೆಯುವ ಮಾತೇ ಇರಲಿಲ್ಲ, ಅವರ ಅಮ್ಮನ ಕೈಕೆಲಸ ಅದು. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಅದ್ದಿದೆವು. ಬಣ್ಣ ಕೊಂಚ ಮಾಸಿತು, ಕೌದಿ ಉಳಿಯಿತು.

ಕವರ್‌ನ ಕೊರತೆಗಳೂ ಇವೆ. ಏಪ್ರಿಲ್‌ನಲ್ಲಿ ಬೆನ್ನು ಬೆವರುತ್ತದೆ, ಮೇಲೆ ದಪ್ಪ ಹತ್ತಿಯ ಬೆಡ್‌ಶೀಟ್ ಹಾಸಿದರೆ ತಡೆದುಕೊಳ್ಳಬಹುದು. ಹೊಸದರಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಸರಸರ ಸದ್ದು. ಮಂಚದ ಒಂದು ಮೊಳೆ ತಾಗಿ ಮೂಲೆಯಲ್ಲಿ ಹರಿಯಿತು, ಜೊತೆಗೆ ತೇಪೆ ಕೊಡದಿದ್ದುದಕ್ಕೇ ನಾನು ಒಂದು ಅಂಕ ಕಡಿದಿರುವುದು. ದಪ್ಪ ಅಂಟುಪಟ್ಟಿ ಹಚ್ಚಿದ್ದೇವೆ, ಇವತ್ತಿಗೂ ಗಟ್ಟಿಯಾಗಿದೆ. ತರಿಸುವ ಮೊದಲು ಹಾಸಿಗೆಯ ಉದ್ದ, ಅಗಲದ ಜೊತೆ ದಪ್ಪವನ್ನೂ ಅಳೆಯಿರಿ. ಹತ್ತಿ ಹಾಸಿಗೆ ಒಂದೊಂದು ಕಡೆ ಒಂದೊಂದು ದಪ್ಪ ಇರುತ್ತದೆ, ಅತಿ ಉಬ್ಬಿದ ಕಡೆಯ ಅಳತೆಯನ್ನೇ ಹಿಡಿಯಿರಿ. ಬಿಗಿಯಾದ ಕವರ್‌ನಲ್ಲಿ ಮೊದಲು ಸೋಲುವುದು ಜಿಪ್ಪು.