ಮೈಕ್ರೋ ಸೆಟ್, ಮೈಕ್ರೋ ಸಾಲ್: ಬಾಗಿದ ಭುಜಕವಚಕ್ಕೆ ಡೆಕಾಲ್ ಕೂರಿಸುವ ಜೋಡಿ

ವಾರ್‌ಹ್ಯಾಮರ್ 40,000 ಆಟದ ಸೈನಿಕನಾದ ಸ್ಪೇಸ್ ಮರೀನ್ ಬೊಂಬೆಯ ಭುಜಕವಚ ಎರಡು ದಿಕ್ಕಿಗೂ ಬಾಗಿರುತ್ತದೆ, ಅದರ ಮೇಲೆ ಅಂಟಿಸುವ ಲಾಂಛನದ ತೆಳು ಪೊರೆ, ಅಂದರೆ ಡೆಕಾಲ್, ಮಾತ್ರ ಚಪ್ಪಟೆ. ಬರೀ ನೀರಲ್ಲಿ ಅಂಟಿಸಿದರೆ ಅಂಚಲ್ಲಿ ನೆರಿಗೆ ಏಳದೆ ಇರದು. ಮೈಕ್ರೋಸ್ಕೇಲ್‌ನವರ ಈ ಎರಡು ಬಾಟಲಿ ಇರುವುದೇ ಅದಕ್ಕೆ.

ನೀಲಿ ಲೇಬಲ್‌ನ ಮೈಕ್ರೋ ಸೆಟ್ ಮೊದಲು. ಮುಚ್ಚಳ ತೆಗೆದರೆ ವಿನೆಗರ್ ವಾಸನೆ. ಕವಚದ ಮೇಲೆ ಇದನ್ನು ತೆಳುವಾಗಿ ಸವರಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ನೆನೆದ ಡೆಕಾಲನ್ನು ಕಾಗದದಿಂದ ಜಾರಿಸಿ ಕೂರಿಸಿ. ಟಿಶ್ಯೂ ತುದಿಯಿಂದ ನೀರು ಹೀರಿ, ಉಜ್ಜಬೇಡಿ.

ನಿಜವಾದ ಕೈಚಳಕ ಕೆಂಪು ಲೇಬಲ್‌ನ ಮೈಕ್ರೋ ಸಾಲ್‌ನದು. ಇದು ಡೆಕಾಲಿನ ಪೊರೆಯನ್ನೇ ಮೆತ್ತಗಾಗಿಸುತ್ತದೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಲಾಂಛನ ಹಪ್ಪಳದಂತೆ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಬೆರಳಿಟ್ಟಿರೋ, ಹರಿಯಿತು! ಬಿಟ್ಟರೆ ಒಣಗುತ್ತಾ ತಾನೇ ಕೂರುತ್ತದೆ. ಹಟಮಾರಿ ಅಂಚಿಗೆ ಹೊಸ ಬ್ಲೇಡಿನಿಂದ ಸಣ್ಣ ಗೀರು ಹಾಕಿ, ಒಣಗಿದ ಮೇಲೆ ಇನ್ನೊಂದು ಸುತ್ತು ಹಚ್ಚಿ.

ಆದರೆ ಬೆಳ್ಳಿಯಂಥ ಹೊಳಪು ಕಂಡರೆ ಈ ದ್ರವಗಳನ್ನು ದೂರಬೇಡಿ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ತರಿಯಲ್ಲಿ ಪೊರೆಯಡಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮೊದಲೇ ಗ್ಲಾಸ್ (ಹೊಳಪಿನ) ವಾರ್ನಿಷ್ ಹೊಡೆದು ಪೂರ್ತಿ ಒಣಗಿಸಿರಬೇಕು. ಕೊನೆಗೆ ಮ್ಯಾಟ್ ವಾರ್ನಿಷ್.

ಒಂದೊಂದು ಬಾಟಲಿಯಲ್ಲಿ ಸುಮಾರು 30 ಮಿ.ಲೀ. ಒಂದು ಕವಚಕ್ಕೆ ಎರಡು ಹನಿ ಸಾಕು, ಇಡೀ ಸೈನ್ಯ ಮುಗಿದರೂ ಬಾಟಲಿ ಮುಗಿಯದು. ಒಂದನ್ನೇ ಕೊಳ್ಳುವುದಾದರೆ ಕೆಂಪನ್ನು ಕೊಳ್ಳಿ. ಸೆಟ್ ಇಲ್ಲದೆಯೂ ನೀರಲ್ಲಿ ಸುಧಾರಿಸಬಹುದು.